ಒಂಬತ್ತಕ್ಕೆ ಎಂಟು

ಗಣಿ ಕಂಪನಿ ಮುಳುಗಿದ ಮೂರನೇ ತಿಂಗಳು ಷೇರು ವಿಶ್ಲೇಷಕಿ ನಳಿನಿ ಗಣಿಯ ಊರಿಗೆ ಬಂದಳು. ಕಂಪನಿಯ ಲೆಕ್ಕಪತ್ರ ಜಾಲಾಡಿ, ಲಾಭ, ಸಾಲ, ನಗದು ಎಂದು ಒಂಬತ್ತು ಪರೀಕ್ಷೆ ಒಡ್ಡಿ, ಒಂಬತ್ತಕ್ಕೆ ಎಂಟು ಅಂಕ ಕೊಟ್ಟವಳು ಅವಳೇ. ಅದು ಪತ್ರಿಕೆಯಲ್ಲಿ ಬಂದ ವಾರವೇ ನಿವೃತ್ತಿಯ ಹಣವನ್ನೆಲ್ಲ ಷೇರಿಗೆ ಸುರಿದವರಲ್ಲಿ ಹುಲುಗಪ್ಪನೂ ಒಬ್ಬ. ಮೂವತ್ತು ವರ್ಷ ಅದೇ ಗಣಿಯಲ್ಲಿ ಬಂಡೆ ಕೊರೆದವನು.

ಅವನ ಮನೆಯ ಕಟ್ಟೆಯ ಮೇಲೆ ಕೂತರೂ ಅವಳಿಗೆ ಅವನ ಮುಖ ನೋಡಲಾಗಲಿಲ್ಲ.

"ತಪ್ಪಾಯ್ತು. ಬರೀ ಕಾಗದ ನೋಡಿ ಅಂಕ ಹಾಕಿದೆ. ಒಂದು ಸಲವೂ ಗಣಿಗೆ ಇಳಿದು ನೋಡಲಿಲ್ಲ."

"ನೀವ್ಯಾಕ ಇಳೀತೀರಿ ಬಿಡ್ರಿ ಮೇಡಂ. ಚಾ ಆರತೈತಿ, ಕುಡೀರಿ."

"ಹಳೇ ದಾಸ್ತಾನು ಮಾರಿ ಲಾಭ ತೋರಿಸಿದ್ದರು. ಒಳಗೆ ಅದಿರೇ ಮುಗಿದಿದೆ ಅಂತ ನನಗೆ ಗೊತ್ತಾಗಲಿಲ್ಲ."

"ನನಗ ಗೊತ್ತಿತ್ರಿ. ಕಡೀ ಎರಡು ವರ್ಷ ನಾ ಕೊರದದ್ದು ಬರೇ ಕಲ್ಲು."

ನಳಿನಿ ತಟ್ಟನೆ ತಲೆಯೆತ್ತಿದಳು. "ಗೊತ್ತಿದ್ದೂ ಯಾಕೆ ದುಡ್ಡು ಹಾಕಿದಿರಿ?"

ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ಹುಲುಗಪ್ಪ ನೆಲ ನೋಡಿದ.

"ಓದಿದೋರು ನೀವು ಎಂಟು ಕೊಟ್ಟಿದ್ರಿ. ನನ್ನ ಕಣ್ಣೇ ಮಂಜಾಗ್ಯಾವ ಅನ್ಕೊಂಡೆರಿ."