ಬಟ್ಟೆ ಕತ್ತರಿ

ಮಳೆಗಾಲ ಮುಗಿಯುತ್ತಿದ್ದ ಒಂದು ಬೆಳಗ್ಗೆ, ಹಾಲು ಕಾಯಿಸುವ ಹೊತ್ತಿಗೆ, ದರ್ಜಿಯ ಹೆಂಡತಿ ಹಿತ್ತಲಿನ ದ್ರಾಕ್ಷಿ ಬಳ್ಳಿಯ ಮುಂದೆ ಚಾಕು ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದಳು. ಪಕ್ಕದ ಮನೆಯ ನರ್ಸಮ್ಮನಿಗೆ ವರ್ಗವಾಗಿತ್ತು. ಅವಳಿಗೆಂದೇ ಒಂದು ಕವಲನ್ನು ಬಗ್ಗಿಸಿ, ಕುಂಡದ ಮಣ್ಣಲ್ಲಿ ಹೂತು, ಬೇರು ಬರಿಸಿದ್ದಾಗಿತ್ತು. ಇನ್ನು ತಾಯಿಬಳ್ಳಿಯಿಂದ ಬಿಡಿಸಬೇಕು. ಮೊಂಡು ಚಾಕುವಿಗೆ ಕವಲು ಜಜ್ಜಿಹೋಗುತ್ತಿತ್ತೇ ಹೊರತು ತುಂಡಾಗುತ್ತಿರಲಿಲ್ಲ.

"ಸಾಕು ಬಿಡಕ್ಕ, ಜಜ್ಜಿದ್ರೆ ಎರಡೂ ಒಣಗ್ತವೆ. ಊರೂರು ಸುತ್ತೋಳಿಗೆ ಬಳ್ಳಿ ಯೋಗ ಎಲ್ಲಿಂದ ಬರ್ಬೇಕು," ಎಂದಳು ಬದಿಯಲ್ಲಿ ನಿಂತಿದ್ದ ನರ್ಸಮ್ಮ.

"ಒಳಗೆ ಒಳ್ಳೇ ಕತ್ತರಿ ಇದೆ ಕಣೇ. ಮುಟ್ಟಿದ್ರೆ ನಮ್ಮನೆಯವರು ನನ್ನನ್ನೇ ಕತ್ತರಿಸ್ತಾರೆ!"

ಅದು ದರ್ಜಿಯ ಬಟ್ಟೆ ಕತ್ತರಿ. ಅದರ ಬಾಯಿ ಮೊಂಡಾಗುತ್ತದೆಂದು ಮದುವೆಯಾದಾಗಿನಿಂದ ಹೆಂಡತಿಗೆ ಒಂದು ಕಾಗದ ಕತ್ತರಿಸಲೂ ಕೊಟ್ಟವನಲ್ಲ.

ಬೆನ್ನ ಹಿಂದೆ ಕೆಮ್ಮು ಕೇಳಿಸಿತು. ದರ್ಜಿ ಕತ್ತರಿಯನ್ನು ಅಂಗಿಯ ತುದಿಯಲ್ಲಿ ಒರೆಸುತ್ತಾ ಪಕ್ಕದಲ್ಲೇ ಕೂತ. "ಎಲ್ಲಿಗೆ ಹಾಕ್ಲಿ? ಗುರುತು ತೋರ್ಸು," ಎಂದ, ಅಳತೆ ಕೇಳುವವನಂತೆ. ಹೆಂಡತಿ ಬೆರಳಿಟ್ಟು ತೋರಿಸಿದಳು. ಒಂದೇ ಏಟಿಗೆ ಕವಲು ನುಣುಪಾಗಿ ಬಿಡಿಸಿಕೊಂಡಿತು.

"ಅಯ್ಯೋ ಅಣ್ಣ, ನಿಮ್ಮ ಕತ್ತರಿ!"

"ಕತ್ತರಿಗೆ ಸಾಣೆ ಹಿಡಿಸಿದ್ರಾಯ್ತು. ಬಳ್ಳಿಗೆ ಹಿಡಿಸೋಕಾಗುತ್ತೇನಮ್ಮ?"

ನರ್ಸಮ್ಮ ಬುಧವಾರ ಹೊರಟಳು, ಕುಂಡವನ್ನು ಮಡಿಲಲ್ಲಿಟ್ಟುಕೊಂಡು.