ನಲವತ್ತೊಂದನೆಯ ಪಾಪ

ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಬಸ್ರೂರಿನ ಚಂದ್ರಾವತಿ ತನ್ನ ಅರವತ್ತೊಂದನೆಯ ವಯಸ್ಸಿನಲ್ಲಿ, ಸ್ವಂತ ಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ, ಒಂದು ಇನ್ನೂರು ಪುಟದ ನೋಟ್‌ಬುಕ್ ಕೊಂಡಳು. ಪಾಪ ಬರೆಯಲು.

ಎರಡೇ ವಾರದಲ್ಲಿ ನಲವತ್ತೊಂದು ತುಂಬಿದವು. ಪಕ್ಕದ ಮನೆಯ ಮಾವಿನ ಮಿಡಿ, ಅತ್ತೆಯ ಚಹಕ್ಕೆ ಬೇಕೆಂದೇ ಹಾಕದ ಸಕ್ಕರೆ, ಸಂಘದ ಮೀಟಿಂಗಿನ ದಿನವೇ ಬರುತ್ತಿದ್ದ ಜ್ವರ. ಕೊನೆಯದೊಂದು ಗುಂಪಿನಲ್ಲಿ ಗೋವಿಂದ ಆಗಿಹೋಗಲಿ ಎಂದೇ ಈ ನಲವತ್ತನ್ನು ಜಮಾಯಿಸಿದ್ದು. ಆ ಕೊನೆಯದು: ಒಂಬತ್ತು ವರ್ಷದ ಹಿಂದೆ ಗೇರುಬೀಜ ಕಾರ್ಖಾನೆಯ ಗೇಟಿನಲ್ಲಿ ದಿಢೀರ್ ತಪಾಸಣೆ ಶುರುವಾದಾಗ, ತನ್ನ ಸೊಂಟದಲ್ಲಿದ್ದ ಬೀಜದ ಪೊಟ್ಟಣವನ್ನು ಮುಂದೆ ನಿಂತಿದ್ದ ಸರಸಳ ಬುತ್ತಿಚೀಲಕ್ಕೆ ಇಳಿಬಿಟ್ಟಿದ್ದಳು. ಸರಸಳ ಕೆಲಸ ಅವತ್ತೇ ಹೋಯಿತು. ಅವಳ ಊರಾದ ಶಂಕರನಾರಾಯಣದಲ್ಲಿ ಅವಳಿಗೆ ಇವತ್ತಿಗೂ ‘ಬೀಜಕಳ್ಳಿ’ ಎಂದೇ ಹೆಸರು.

“ದೈವಕ್ಕೆ ತಪ್ಪು ಕಾಣಿಕೆ ಹಾಕ್ರೆ ಮುಗೀತಲೆ. ಅದ್ಕೆ ಇಗರ್ಜಿಗ್ ಹೋಯಿ ಕ್ರಿಶ್ಚನ್ ಆಯ್ಕಾ?” ಎಂದಿದ್ದ ಭಾವ ಮಂಜಯ್ಯ.

“ಹಾಕುಕ್ ಹೋರೆ ಎಂತ ತಪ್ಪ್ ಅಂದೇಳಿ ಮೈಮೇಲ್ ದೈವ ಬಂದ್ ಪಾತ್ರಿ ಕೇಂತ್ರ್. ಊರಿಡೀ ಕೆಮಿ ಕೊಟ್ಕಂಡ್ ಕೂಕಂತ್ರ್. ಅಲ್ಲ್ ಹಂಗಲ್ಲ ಭಾವ. ಒಂದ್ ಪೆಟ್ಟಿಗಿ, ಒಂದ್ ಜಾಲರಿ, ಆಚಿ ಬದಿ ಒಂದೇ ಕೆಮಿ. ಅದೂ ಬಾಯಿ ಬಿಡದ್ ಕೆಮಿ.”

ಪಾತ್ರಿಯಿಂದ ಪಾದ್ರಿಗೆ ಒಂದೇ ಅಕ್ಷರದ ದೂರ. ಭಾನುವಾರ ಕುಂದಾಪುರದ ಇಗರ್ಜಿಯಲ್ಲಿ ಎರಡನೆಯ ದಿನದ ಧರ್ಮಪಾಠ ಮುಗಿದದ್ದೇ ಚಂದ್ರಾವತಿ ನೇರ ಜಾಲರಿಯ ಮುಂದೆ ಮೊಣಕಾಲೂರಿ ನೋಟ್‌ಬುಕ್ ಬಿಚ್ಚಿದಳು. ಮೂರನೆಯ ಪಾಪಕ್ಕೇ ಫಾದರ್ ಅಲ್ವಿನ್ ತಡೆದರು.

“ಚಂದ್ರಕ್ಕ, ನಿಲ್ಸಿ. ನಿಮ್ಗೆ ಇನ್ನೂ ದೀಕ್ಷಾಸ್ನಾನ ಆಗ್ಲಿಲ್ಲ. ಆಗದವರಿಗೆ ಪಾಪನಿವೇದನೆ ಇಲ್ಲ.”

“ಅಡ್ಡಿಲ್ಲೆ. ಆದ್ಮೇಲೇ ಹೇಳ್ತೆ.”

“ಆದ್ಮೇಲೆ ಹೇಳ್ಲಿಕ್ಕೆ ಏನೂ ಉಳಿಯುದಿಲ್ಲ. ಅಲ್ಲಿವರೆಗಿನದ್ದೆಲ್ಲ ಆ ನೀರಲ್ಲೇ ತೊಳ್ದು ಹೋಗ್ತದೆ.”

ಹೇಳದೆಯೇ ಹೋಗುತ್ತದೆಯೆ? ಚಂದ್ರಾವತಿಗೆ ಮೋಸ ಹೋದ ಹಾಗಾಯಿತು. ಸರಸರನೆ ಪುಟ ಮಗುಚಿ ನಲವತ್ತೊಂದನೆಯದನ್ನು ಜಾಲರಿಗೆ ಒತ್ತಿ ಹಿಡಿದಳು. “ಇದೂ?”

ಫಾದರ್ ಓದಿದರು. ಎರಡು ಸಲ ಓದಿರಬೇಕು, ಅಷ್ಟು ಹೊತ್ತಾಯಿತು. “ಇದೂ ಹೋಗ್ತದೆ. ಆದ್ರೆ ಹೋಗುದು ನಿಮ್ಮ ಪಾಪ. ಸರಸಕ್ಕನ ಹೆಸ್ರು ನೀರಿಂದ ಬರುದಿಲ್ಲ. ಅದನ್ನ ನೀವೇ ಹೋಗಿ ಕೊಡ್ಬೇಕು. ಕಳ್ಳಿ ಅಂದವರ ಎದ್ರಿಗೇ ಹೇಳ್ಬೇಕು.”

ಚಂದ್ರಾವತಿ ಎದ್ದು ಸೀರೆ ಕೊಡವಿದಳು. “ಅಲ್ಲ ಫಾದ್ರೆ, ಊರೆದ್ರಿಗೇ ಹೇಳುದಾರೆ ನಾನ್ ಜಾತಿ ಬದ್ಲ್ ಮಾಡುದ್ ಎಂತಕ್ಕೆ? ಬಸ್ ಬದ್ಲ್ ಮಾಡಿರೆ ಸಾಕಿತ್ತ್.”

“ಹಾಗಾದ್ರೆ ಮುಂದಿನ ಭಾನುವಾರ ಬರುದಿಲ್ವಾ?”

“ಅದ್ ಆಮೇಲ್ ಕಾಂಬ.” ನಲವತ್ತೊಂದನೆಯದರ ಪುಟ ಹರಿದುಕೊಂಡು ನೋಟ್‌ಬುಕ್ಕನ್ನು ಅಲ್ಲೇ ಬಿಟ್ಟಳು. “ಆ ನಲ್ವತ್ತ್ ನಿಮ್ ಹತ್ರವೇ ಇರ್ಲಿ.”

ಶಾಸ್ತ್ರಿ ಸರ್ಕಲ್ಲಿನಲ್ಲಿ ಬಸ್ರೂರಿನ ಬಸ್ಸು ಬಂತು, ಕಂಡಕ್ಟರ್ ಕರೆದ, ಅವಳು ಹತ್ತಲಿಲ್ಲ. ಹಿಂದಿನಿಂದಲೇ ಶಂಕರನಾರಾಯಣದ್ದು ಬಂತು. ಮೆಟ್ಟಿಲಿನಲ್ಲಿ ಕಂಬಿ ಹಿಡಿಯಲು ಎರಡೂ ಕೈ ಬೇಕಾಯಿತು. ಪುಟವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು, ಅವತ್ತು ಬೀಜದ ಪೊಟ್ಟಣವಿದ್ದ ಜಾಗಕ್ಕೇ.