ತಾನಾಗಿಯೇ ಓಡುವ ಫೈಲು

ಇನ್ನೂ ಬೆಳಕು ಹರಿದಿರಲಿಲ್ಲ. ತುರ್ಗುನ್ ಆಕಾ ಅವರ ಮನೆಯ ಮುಂದೆ ಯಾರೋ ಒಲೆ ಹಚ್ಚಿ, ತೊಟ್ಟಿಲಿನಷ್ಟು ದೊಡ್ಡ ಕಡಾಯಿಯಲ್ಲಿ ಈರುಳ್ಳಿ ಹುರಿಯುತ್ತಿದ್ದ.

"ಯಾರಯ್ಯಾ ನೀನು?"

"ಅಡುಗೆಯವ್ನು, ಆಕಾ. ಓಶ್ ಮಾಡೋಕೆ ನೀವೇ ಬರಹೇಳಿದ್ರಲ್ಲ? ಅಕ್ಕಿ, ಎಣ್ಣೆ, ಮಾಂಸ ಎಲ್ಲಾ ನಿಮ್ಮ ಕೊಟ್ಟಿಗೇಲೇ ಸಿಕ್ತು. ಮಲಗೋ ಹೊತ್ತಿಗೆ ಹೇಳಿಕಳಿಸಿದ್ರೆ ಇನ್ನೇನಾಗ್ತದೆ, ಕ್ಯಾರೆಟ್ ಸ್ವಲ್ಪ ದಪ್ಪ ಬಿದ್ದಿದೆ. ಬೈಬೇಡಿ."

ಮಾರ್ಗಿಲಾನ್ ಪಟ್ಟಣದಲ್ಲಿ ಬೆಳಗಿನ ಓಶ್‌ಗೆ, ಅಂದರೆ ಮಾಂಸದನ್ನದ ಊಟಕ್ಕೆ, ಕೇರಿಯ ಗಂಡಸರನ್ನೆಲ್ಲ ಸುಮ್ಮನೆ ಕರೆಯುವುದಿಲ್ಲ. ಹುಡುಗಿಯ ಮದುವೆ ಗೊತ್ತಾದಾಗ ಕರೆಯುತ್ತಾರೆ. ಎಲ್ಲರೆದುರು ಹಿರಿಯರೊಬ್ಬರು ರೊಟ್ಟಿ ಮುರಿಯುತ್ತಾರೆ. ಮುರಿದರೆ ಮುಗಿಯಿತು, ಹೆಣ್ಣಿನ ಅಪ್ಪನೂ ಮಾತು ಹಿಂದೆಗೆದುಕೊಳ್ಳುವಂತಿಲ್ಲ.

ತುರ್ಗುನ್ ಆಕಾ ಯಾರನ್ನೂ ಕರೆದಿರಲಿಲ್ಲ. ಒಳಗೋಡಿ ಫೋನು ತೆಗೆದರು. ಅವರು ಗೊರಕೆ ಹೊಡೆಯುತ್ತಿದ್ದ ಹೊತ್ತಿನಲ್ಲಿ ಅವರದೇ ನಂಬರಿನಿಂದ ಕೇರಿಗೆಲ್ಲ ಸಂದೇಶ ಹೋಗಿತ್ತು: "ನಮ್ಮ ಹಿರಿಯ ಮಗಳು ಶಹಲೋಗೂ ರೊಟ್ಟಿ ಅಂಗಡಿಯ ಸಾಬಿರ್ ಅವರ ಮಗ ಐಬೆಕ್‌ಗೂ ಮದುವೆ ಗೊತ್ತಾಗಿದೆ. ನಾಳೆ ಬೆಳಗಿನ ಓಶ್‌ಗೆ ದಯಮಾಡಿಸಿ." ಅದರ ಕೆಳಗೆ ಅಭಿನಂದನೆಗಳ ಮೆರವಣಿಗೆ.

ಸಾಬಿರ್! ಹೆಣ್ಣು ಕೇಳಲು ಬಂದಾಗಲೆಲ್ಲ ಬರಿಗೈಲಿ ವಾಪಸು ಹೋದ ಅದೇ ಸಾಬಿರ್! ಹುಡುಗ ಒಳ್ಳೆಯವನು, ಹುಡುಗಿ ಒಪ್ಪಿದ್ದಾಳೆ ಎಂಬ ಚಿಲ್ಲರೆ ಕಾರಣಗಳಿಗೆಲ್ಲ ತುರ್ಗುನ್ ಆಕಾ ಕರಗುವವರಲ್ಲ. ಅವರು ಜಿಲ್ಲಾ ಕಚೇರಿಯ ಕಂಪ್ಯೂಟರ್ ವಿಭಾಗದಿಂದ ನಿವೃತ್ತರಾದ ಮಹನೀಯರು. ಚಹಾದಂಗಡಿಯಲ್ಲಿ ಯಾರೂ ಕೇಳದಿದ್ದರೂ ಪಾಠ ಹೇಳುವಷ್ಟು ದೊಡ್ಡ ಮನಸ್ಸಿನವರು.

"ಕೇಳ್ರಪ್ಪಾ," ಎಂದು ಶುರುವಾಗುತ್ತಿತ್ತು ಪಾಠ. "ಫೋಟೋ, ಹಾಡು, ಕಾಗದಪತ್ರ, ಇವೆಲ್ಲ ಕೊಯ್ದಿಟ್ಟ ಕುರಿ. ತಾವಾಗಿ ಏಳಲ್ಲ. ಬೇರೆ ಪ್ರೋಗ್ರಾಮು ತೆಗೆದು ತೋರಿಸಿದ್ರೆ ಉಂಟು, ಇಲ್ಲಾಂದ್ರೆ ಇಲ್ಲ. ಎಕ್ಸಿಕ್ಯೂಟಬಲ್ ಫೈಲು ಅಂತ ಒಂದಿದೆ ನೋಡಿ, ಅದು ಜೀವ ಇರೋ ಕುರಿ. ಹಗ್ಗ ಬಿಚ್ಚಿದ್ರೆ ತಾನೇ ಓಡ್ತದೆ, ನಿಮ್ಮ ತೋಟಾನೂ ಮೇಯ್ತದೆ. ಕಂಪ್ಯೂಟರಲ್ಲಿ ಹೆಸರಿನ ಕೊನೇಲಿ ಡಾಟ್ ಇಎಕ್ಸ್ಇ ಅಂತಿರ್ತದೆ, ಫೋನಲ್ಲಿ ಡಾಟ್ ಎಪಿಕೆ. ಮದುವೆ ಕರೆಯೋಲೆ ಅಂತ ಹೆಸರಿಟ್ಕೊಂಡು ಬರ್ತದೆ. ಹೆಸರು ನೋಡ್ಬೇಡಿ, ಬಾಲ ನೋಡಿ!"

"ನಮ್ಮೂರ ಕುರಿಗೆ ಬಾಲ ಎಲ್ಲಿದೆ, ಆಕಾ?" ಎಂದಿದ್ದ ಸಾಬಿರ್. "ಹಿಂದೆ ನೇತಾಡೋದು ಬರೀ ಕೊಬ್ಬು!"

ಅಂಗಡಿಗೆ ಅಂಗಡಿಯೇ ನಕ್ಕಿತ್ತು. ಶಹಲೋ ಮದುವೆ ಅಲ್ಲಿಗೇ ನಿಂತಿತ್ತು.

ಮನೆಯಲ್ಲೂ ಪಾಠಕ್ಕೆ ರಜೆಯಿರಲಿಲ್ಲ. ಹೆಂಡತಿ ಮಾವ್ಲುದಾ ಚಹಾ ಬಗ್ಗಿಸುತ್ತ ಒಮ್ಮೆ ಕೇಳಿದ್ದಳು: "ಅಂದ್ರೆ ಅದು ಯಾರನ್ನೂ ಕೇಳ್ದೆ ನಮ್ಮ ಫೋನಿಂದ್ಲೇ ಊರಿಗೆಲ್ಲ ಸಂದೇಶ ಕಳಿಸ್ಬಿಡ್ತದಾ?"

"ಕಳಿಸ್ತದೆ ಮತ್ತೆ! ಅದನ್ನ ತೆರೆದವ್ನು ಶತದಡ್ಡ. ಹೊರಗೆ ಹೇಳ್ಕೊಳ್ಳೋಕೂ ಮುಖ ಇರಲ್ಲ."

"ಅಯ್ಯೋ ಪಾಪ," ಎಂದಿದ್ದಳು ಮಾವ್ಲುದಾ.

ಈಗ ಆ ಪಾಪದವರು ಗೋಡೆಗೊರಗಿ ನಿಂತಿದ್ದರು. ಮೊನ್ನೆ ಗುರುತಿಲ್ಲದ ನಂಬರಿನಿಂದ ಒಂದು ಫೈಲು ಬಂದಿತ್ತು. "ಈ ಫೋಟೋದಲ್ಲಿರೋದು ನೀವೇನಾ, ಆಕಾ? ಎಷ್ಟು ಲಕ್ಷಣವಾಗಿದೀರಿ!" ಹೊಗಳಿಕೆ ಕಣ್ಣಿಗೆ ಬಿದ್ದ ಮೇಲೆ ಬಾಲ ಯಾರಿಗೆ ಕಾಣುತ್ತದೆ? ತೆರೆದರು. ಒಂದು ಕರಬೂಜ ಕಾಣಿಸಿತು. ತಕ್ಷಣ ಅಳಿಸಿ ಹಾಕಿದರು. ಯಾರಿಗೂ ಹೇಳಲಿಲ್ಲ.

ಹೊರಗೆ ಟೋಪಿ ತೊಟ್ಟ ಗಂಡಸರು ಮೇಜುಗಳ ಸುತ್ತ ತುಂಬಿದ್ದರು. ಸಾಬಿರ್ ಹೊಸ ಅಂಗಿ ತೊಟ್ಟು ಬಂದು, ಹೊರಬಂದ ತುರ್ಗುನ್ ಆಕಾ ಅವರ ಕೈ ಹಿಡಿದುಕೊಂಡ. "ಕೊನೆಗೂ ಮನಸ್ಸು ಮಾಡಿದ್ರಲ್ಲ, ಆಕಾ. ನಮ್ಮ ಹುಡುಗ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ."

ತುರ್ಗುನ್ ಆಕಾ ಬಾಯಿ ತೆರೆದರು. ಒಂದೇ ಒಂದು ಮಾತು ಸಾಕಿತ್ತು: ವೈರಸ್ಸು. ಮದುವೆ ಇಲ್ಲ, ಉಂಡು ಮನೆಗೆ ಹೋಗಿ.

ಅಷ್ಟರಲ್ಲಿ ಕೇರಿಯ ಹಿರಿಯರು ಗಡ್ಡ ನೀವಿಕೊಂಡರು. "ತಪ್ಪು ತಿಳೀಬೇಡ ತುರ್ಗುನ್, ನೀನೇ ಕಲಿಸಿದ್ದು ಅಂತ ಕೇಳ್ತೀನಿ. ಈ ಕರೆಯೋಲೆ ನೀನೇ ಕಳಿಸಿದ್ದು ತಾನೇ? ಅಥವಾ ನಿಮ್ಮನೇಲಿ ಯಾವನಾದ್ರೂ ಶತದಡ್ಡ ಆ ಎಪಿಕೆನೋ ಪಪಿಕೆನೋ ತೆರೆದ್ಬಿಟ್ನೋ?"

ಮೇಜಿನಿಂದ ಮೇಜಿಗೆ ನಗು ಹರಿಯಿತು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ರೇಷ್ಮೆ ಉಟ್ಟ ಶಹಲೋ ಬಾಗಿಲ ಸಂದಿಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದಳು.

"ನಾನೇ ಕಳಿಸಿದ್ದು!" ಗುಡುಗಿದರು ತುರ್ಗುನ್ ಆಕಾ. "ನನ್ನ ಮನೇಲಿ ದಡ್ಡರ್ಯಾರೂ ಇಲ್ಲ!"

ಹಿರಿಯರು ರೊಟ್ಟಿ ಮುರಿದರು.

ಬಿಸಿಲೇರುವ ಹೊತ್ತಿಗೆ ಕಡಾಯಿ ಖಾಲಿಯಾಗಿ, ಕೇರಿ ತೇಗುತ್ತ ಮನೆ ಸೇರಿತು. ಮಾನ ಉಳಿಸಿಕೊಂಡ ತೃಪ್ತಿಯಲ್ಲಿ, ಅಳಿಯನನ್ನು ಪಡೆದ ಸಂಕಟದಲ್ಲಿ ತುರ್ಗುನ್ ಆಕಾ ಜಗಲಿಯ ಮೇಲೆ ಕುಸಿದು, ದನಿ ತಗ್ಗಿಸಿ ಹೆಂಡತಿಗೆ ಎಲ್ಲವನ್ನೂ ಒಪ್ಪಿಸಿದರು.

"ಎಂಥಾ ವೈರಸ್ಸೋ ಮಾರಾಯ್ತಿ! ಬ್ಯಾಂಕಿನ ದುಡ್ಡು ಮುಟ್ಟಿಲ್ಲ. ಸಾಬಿರ್‌ನ ಬಿಟ್ರೆ ನಂಗಾಗದವ್ರನ್ನ ಒಬ್ರನ್ನೂ ಕರೆದಿಲ್ಲ. ಒಂದಕ್ಷರ ತಪ್ಪಿಲ್ಲ. ಇಂಥಾ ಬುದ್ಧಿವಂತ ಫೈಲನ್ನ ನನ್ನ ಸರ್ವೀಸಲ್ಲೇ ಕಂಡಿಲ್ಲ. ಗುಟ್ಟಾಗಿ ಪೊಲೀಸ್ರಿಗೆ ಹೇಳಿಬರ್ತೀನಿ."

"ಬೇಡ ಸುಮ್ನಿರಿ," ಎಂದಳು ಮಾವ್ಲುದಾ, ಉಳಿದ ಓಶ್ ಮೇಲೆ ತಟ್ಟೆ ಮುಚ್ಚುತ್ತ. "ಅದು ನನ್ನ ತಂಗಿ ಹೊಸ ನಂಬರಿಂದ ಕಳಿಸಿದ ಬರೀ ಫೋಟೋ ಕಣ್ರೀ, ಊರಿಗೆಲ್ಲ ಬರೆದದ್ದು ನಾನು, ಚಿಕ್ಕ ಮಗಳ ಮದುವೇನೂ ಗೊತ್ತಾಗೋ ತನಕ ಆ ಫೋನಿನ ಪಾಸ್‌ವರ್ಡ್ ಮಾತ್ರ ಬದಲಾಯಿಸ್ಬೇಡಿ."